ಇಲಿಗೆ ವಾಸಿಯಾದರೆ ಗೋಪಾಲಪ್ಪನಿಗೇಕಿಲ್ಲ?

ಲಕ್ಷ್ಮೀದೇವಮ್ಮ: ಹೊರಡ್ತೀರೋ ಇಲ್ವೋ, ಒಂದೇ ಮಾತಲ್ಲಿ ಹೇಳ್ಬಿಡಿ.

ಗೋಪಾಲಪ್ಪ: ಒಂದೇ ಮಾತು ತಾನೆ? ಇಲ್ಲ.

ಲಕ್ಷ್ಮೀದೇವಮ್ಮ: ಮಧ್ಯಾಹ್ನಕ್ಕೆ ಎಕ್ಸ್‌ರೇಯೋರು ಬಾಗಿಲು ಹಾಕ್ಕೊಂಡು ಹೊರಟೋಗ್ತಾರೆ. ಆಮೇಲೆ ಸೋಮವಾರಾನೇ.

ಗೋಪಾಲಪ್ಪ: ಹೋಗ್ಲಿ ಬಿಡು ಪಾಪ. ಅವರಿಗೂ ಹೆಂಡ್ತಿ ಮಕ್ಕಳು ಇರ್ತಾರೆ.

ಲಕ್ಷ್ಮೀದೇವಮ್ಮ: ಡಾಕ್ಟ್ರು ಏನಂದ್ರು? ಶ್ವಾಸಕೋಶ ಊದ್ಕೊಂಡಿದೆ, ಈ ಮಾತ್ರೆ ಪೂರ್ತಿ ಮುಗ್ಸಿ, ಮುಗಿದ ಮೇಲೆ ಬಂದು ಫೋಟೋ ತೆಗೆಸಿ ಅಂದ್ರು. ನೀವು ಮಾತ್ರೆನೂ ಮುಗಿಸ್ಲಿಲ್ಲ, ಫೋಟೋನೂ ತೆಗೆಸ್ಲಿಲ್ಲ.

ಗೋಪಾಲಪ್ಪ: ಊದ್ಕೊಂಡಿತ್ತು, ಇಳ್ಕೊಳ್ತು. ಕಷಾಯ ಕುಡೀತಾ ಇದೀನಲ್ಲ, ಇನ್ನೇನು?

ದೊಡ್ಡಬಳ್ಳಾಪುರದ ಆ ಓಣಿಯಲ್ಲಿ ಹಾದುಹೋಗುವವರು ಈ ಮಾತು ಕೇಳಿದ್ದರೆ ಗಂಡ ಹೆಂಡತಿ ಈಗಲೋ ಆಗಲೋ ಹೊಡೆದಾಡಿಕೊಳ್ಳುತ್ತಾರೆ ಅಂದುಕೊಳ್ಳುತ್ತಿದ್ದರು. ಹಾಗೇನೂ ಇಲ್ಲ. ಮನೆಯ ನಡುಮನೆಯಲ್ಲೇ ನಾಲ್ಕು ಪವರ್‌ಲೂಮ್ ಮಗ್ಗಗಳು ಧಡಧಡನೆ ಆಡುತ್ತಿರುವಾಗ ‘ಕಾಫಿ ಬೇಕಾ’ ಎಂದು ಕೇಳುವುದೂ ಅದೇ ದನಿಯಲ್ಲೇ. ಮಗ್ಗದ ಮನೆಯವರಿಗೆ ಗುಟ್ಟು ಮಾತಾಡುವ ಅಭ್ಯಾಸ ತಪ್ಪಿಹೋಗಿರುತ್ತದೆ. ಸರಸ ವಿರಸ ಎರಡಕ್ಕೂ ಅಲ್ಲಿ ಒಂದೇ ಶ್ರುತಿ. ಆದರೆ ಈ ಶನಿವಾರ ಬೆಳಿಗ್ಗೆ ನಡೆಯುತ್ತಿದ್ದದ್ದು ಮಾತ್ರ ಅಪ್ಪಟ ಜಗಳವೇ.

ಜಗಳದಲ್ಲಿ ಲಕ್ಷ್ಮೀದೇವಮ್ಮನಿಗಿದ್ದ ಸಂಕಟ ಬೇರೆಯವರಿಗೆ ಹೇಳಿದರೆ ಅರ್ಥವಾಗುವಂಥದ್ದಲ್ಲ. ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಕಷಾಯದ ಪರ ವಕಾಲತ್ತು ವಹಿಸಿದವಳೇ ಅವಳು. ಹಿತ್ತಲ ಬೇಲಿಗೆ ಆಡುಸೋಗೆ ನೆಟ್ಟವಳು ಅವಳು. ಓಣಿಯಲ್ಲಿ ಯಾರಾದರೂ ಸುಮ್ಮನೆ ಗಂಟಲು ಸರಿಮಾಡಿಕೊಂಡರೂ ಲೋಟ ಹಿಡಿದು ಓಡುತ್ತಿದ್ದವಳು ಅವಳು. ಗೋಪಾಲಪ್ಪನೋ, ಕಷಾಯ ಅಂದರೆ ಮೂಗು ಮುರಿಯುತ್ತಿದ್ದ ಆಸಾಮಿ. ಲೋಟ ಕೈಗೆ ಕೊಟ್ಟರೆ ‘ಹಿತ್ತಲಲ್ಲಿ ಗಾಳಿಗೆ ಕೂತು ಕುಡೀತೀನಿ’ ಎಂದು ಎದ್ದು ಹೋಗುತ್ತಿದ್ದ. ಅಂಥವನು ಎಕ್ಸ್‌ರೇ ಎಂಬ ಮಾತು ಕಿವಿಗೆ ಬಿದ್ದ ಮಾರನೇ ದಿನವೇ ಕಷಾಯದ ಪಕ್ಷ ಸೇರಿಕೊಂಡುಬಿಟ್ಟಿದ್ದ. ಈಗ ಅವನನ್ನು ಆಸ್ಪತ್ರೆಗೆ ಎಳೆದೊಯ್ಯಬೇಕಾದರೆ ಅವಳು ತನ್ನ ಕಷಾಯವನ್ನೇ ಬಯ್ಯಬೇಕು. ಬಯ್ದರೆ ಕಷಾಯದ ಮರ್ಯಾದೆ ಹೋಗುತ್ತದೆ, ಬಯ್ಯದಿದ್ದರೆ ಗಂಡನ ಉಸಿರು. ಉಸಿರಿನ ಮುಂದೆ ಮರ್ಯಾದೆ ಯಾವ ಲೆಕ್ಕ ಎಂದು ಅವಳಿಗೆ ಗೊತ್ತಿತ್ತು. ಆದರೂ ಬಯ್ಯಲು ಬಾಯಿ ಬರುತ್ತಿರಲಿಲ್ಲ.

ಗೋಪಾಲಪ್ಪ: ಅದಿರ್ಲಿ, ನಿನ್ನೆ ಬಸ್ಸಾರಿಗೆ ಏನಾಗಿತ್ತು? ಬರೀ ನೀರು. ಮುದ್ದೆ ಅದ್ದಿದ್ರೆ ಮುದ್ದೆನೇ ತೊಳೆದು ಎತ್ತಿದಂಗಿತ್ತು. ಈಚೆಗೆ ನಿನ್ನ ಕೈ ಯಾಕೋ ತಪ್ಪಿದೆ ಕಣೇ.

ಲಕ್ಷ್ಮೀದೇವಮ್ಮ: ಮಾತು ತಿರುಗಿಸ್ಬೇಡಿ.

ಆ ಮಾತಿಗೆ ಅವಳಲ್ಲಿ ಉತ್ತರವಿತ್ತು. ಆದರೆ ಅದನ್ನು ಹೇಳುವ ಹೊತ್ತು ಇನ್ನೂ ಬಂದಿರಲಿಲ್ಲವಾದ್ದರಿಂದ ಸೆರಗಿನಿಂದ ಮುಖ ಒರೆಸಿಕೊಂಡಳು. ಅಷ್ಟರಲ್ಲಿ ಬಾಗಿಲಲ್ಲಿ ಪದ್ಮಶ್ರೀ ಕಾಣಿಸಿದಳು. ಗೋಪಾಲಪ್ಪನ ತಂಗಿಯ ಮಗಳು. ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಗಿಡಮೂಲಿಕೆಗಳ ಸಂಶೋಧನೆ ಮಾಡುತ್ತಾಳೆ. ಹೋದ ಸಲ ಬಂದಾಗ ಊಟಕ್ಕೆ ಕೂತು, ಆಡುಸೋಗೆಯಂಥ ಗಿಡಗಳ ಅಂಶದಿಂದ ಇಲಿಗಳ ಶ್ವಾಸಕೋಶದ ಊತ ಇಳಿಯಿತೆಂದು ಬಾಯಿತಪ್ಪಿ ಹೇಳಿದ್ದಳು. ಆ ಒಂದು ಮಾತು ಹಿಡಿದುಕೊಂಡು ಗೋಪಾಲಪ್ಪ ಟೀ ಅಂಗಡಿಯಿಂದ ಬಸ್ ಸ್ಟ್ಯಾಂಡಿನವರೆಗೆ ಪ್ರಚಾರ ಮಾಡಿಬಿಟ್ಟಿದ್ದ. ಈಗ ಅವಳನ್ನು ಬೆಳಗಿನ ರೈಲಿಗೆ ಕರೆಸಿಕೊಂಡವಳು ಲಕ್ಷ್ಮೀದೇವಮ್ಮ.

ಪದ್ಮಶ್ರೀ: ಅತ್ತೆ, ನಿಮ್ಮಿಬ್ಬರ ಮಾತು ಓಣಿ ತಿರುವಲ್ಲೇ ಕೇಳಿಸ್ತಾ ಇದೆ.

ಗೋಪಾಲಪ್ಪ: ಬಾರಮ್ಮ, ನ್ಯಾಯ ಹೇಳೋಕೆ ನೀನೇ ಸರಿ. ಕೂತ್ಕೋ. ಎಲ್ಲಿ ಹೇಳು, ನೀನು ಲ್ಯಾಬಲ್ಲಿ ಪರೀಕ್ಷೆ ಮಾಡ್ತಾ ಇರೋದು ಏನನ್ನ?

ಪದ್ಮಶ್ರೀ: ಗಿಡದಲ್ಲಿರೋ ಒಂದು ಅಂಶಾನ.

ಗೋಪಾಲಪ್ಪ: ಯಾತಕ್ಕೆ?

ಪದ್ಮಶ್ರೀ: ಶ್ವಾಸಕೋಶ ಇದ್ದಕ್ಕಿದ್ದಂಗೆ ಊದ್ಕೊಳ್ಳುತ್ತಲ್ಲ, ಅದರಿಂದ ಇಳಿಯುತ್ತಾ ಅಂತ ನೋಡೋಕೆ.

ಗೋಪಾಲಪ್ಪ: ಇಳೀತಾ?

ಪದ್ಮಶ್ರೀ: ಇಳೀತು, ಆದ್ರೆ...

ಗೋಪಾಲಪ್ಪ: ಮುಗೀತಲ್ಲ ಕೇಸು. ಮಗೂಗೆ ಕಾಫಿ ಮಾಡೇ.

ಲಕ್ಷ್ಮೀದೇವಮ್ಮ: ಆ ‘ಆದ್ರೆ’ ಏನು ಅಂತ ಪೂರ್ತಿ ಕೇಳಿಸ್ಕೊಳ್ಳಿ. ಜೀವನದಲ್ಲಿ ಒಂದು ಸಲನಾದ್ರೂ ‘ಆದ್ರೆ’ ಆದ್ಮೇಲೆ ಬರೋದನ್ನ ಕೇಳಿ.

ಪದ್ಮಶ್ರೀ: ಆದ್ರೆ ಅದು ಇಲಿಗೆ ಮಾವ.

ಗೋಪಾಲಪ್ಪ: ಇಲಿ ಅಂದ್ರೆ ಸಾಮಾನ್ಯ ಅಂದ್ಕೊಂಡಿದೀಯಾ? ನಮ್ಮ ನೂಲಿನ ಮೂಟೆ ಕಡಿಯೋ ಇಲಿಗಳನ್ನ ನೋಡು ಬಾ. ಪಾಷಾಣ ಇಟ್ರೆ ಅದನ್ನ ತಿಂದು ಮೇಲಿಂದ ನೂಲೂ ತಿಂತವೆ. ಅಂಥ ಭಂಡ ಜೀವಕ್ಕೇ ಕೆಲಸ ಮಾಡಿದೆ ಅಂದ್ಮೇಲೆ ನನ್ನಂಥ ಸಾಧು ಮನುಷ್ಯನಿಗೆ ಮಾಡಲ್ವಾ?

ಪದ್ಮಶ್ರೀ: ಅಂಥ ಇಲಿ ಅಲ್ಲ ಮಾವ. ಲ್ಯಾಬಿನ ಬಿಳಿ ಇಲಿಗಳು, ಅಂಗೈಯಲ್ಲಿ ಹಿಡಿಸ್ತವೆ.

ಗೋಪಾಲಪ್ಪ: ಅವಕ್ಕೆ ಕಾಯಿಲೆ ಹೆಂಗೆ ಬಂತು? ಅಲ್ಲೂ ನಮ್ಮಂಗೆ ಮಗ್ಗದ ಧೂಳಾ?

ಪದ್ಮಶ್ರೀ: ಇಲ್ಲ, ನಾವೇ ತರಿಸ್ತೀವಿ. ರೋಗಾಣುವಿನ ವಿಷ ಒಂದು ಹನಿ ಮೂಗಿಗೆ ಬಿಡ್ತೀವಿ.

ಗೋಪಾಲಪ್ಪ: ನೀವೇನಾ?

ಪದ್ಮಶ್ರೀ: ಹೂಂ, ನಾವೇ.

ಗೋಪಾಲಪ್ಪ: ಆಡ್ಕೊಂಡಿದ್ದ ಇಲೀನ ಹಿಡಿದು, ಕಾಯಿಲೆ ನೀವೇ ತರಿಸಿ, ಔಷಧಿನೂ ನೀವೇ ಕೊಟ್ಟು, ವಾಸಿಯಾಯ್ತು ಅಂತ ನೀವೇ ಬರ್ಕೊಳ್ಳೋದು. ಅಷ್ಟೆಲ್ಲ ಯಾಕಮ್ಮ ಕಷ್ಟ? ಸುಮ್ನೆ ಬಿಟ್ಟಿದ್ರೆ ಅದು ಚೆನ್ನಾಗೇ ಇರ್ತಿತ್ತಲ್ಲ.

ಪದ್ಮಶ್ರೀಗೆ ನಗು ಬಂತು. ಲಕ್ಷ್ಮೀದೇವಮ್ಮನಿಗೆ ಬರಲಿಲ್ಲ. ಅವಳ ಕಣ್ಣು ಗೋಡೆ ಗಡಿಯಾರದ ಮೇಲೂ ಗಂಡನ ಎದೆಯ ಮೇಲೂ ಓಡಾಡುತ್ತಿತ್ತು. ಮಾತು ಸ್ವಲ್ಪ ಉದ್ದವಾದರೆ ಸಾಕು, ಅವನು ತುಂಡು ದಾರ ಹುಡುಕುವವನಂತೆ ಬಗ್ಗಿ ಸುಧಾರಿಸಿಕೊಂಡು ಮೇಲೇಳುತ್ತಿದ್ದ. ಮಾತಾಡಿ ಮಾತಾಡಿಯೇ ಮಧ್ಯಾಹ್ನ ಮಾಡಿಬಿಡುವ ಹುನ್ನಾರ ಇದು ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಲಕ್ಷ್ಮೀದೇವಮ್ಮ: ಆ ಊತ ಅಂದ್ರೆ ಏನು ಅಂತ ಇವರಿಗೆ ಬಿಡಿಸಿ ಹೇಳಮ್ಮ. ಕಾಲು ಊದ್ಕೊಂಡಂಗೆ ಅಂದ್ಕೊಂಡಿದಾರೆ ಇವರು.

ಪದ್ಮಶ್ರೀ: ಮಾವ, ಮೈಯೊಳಕ್ಕೆ ರೋಗಾಣು ಬಂತು ಅಂದ್ರೆ ರಕ್ತದಲ್ಲಿರೋ ಕಾವಲಿನ ಕಣಗಳೆಲ್ಲ ಓಡಿ ಬರ್ತವೆ. ಒಂದೊಂದ್ಸಲ ಬರೋದೂ ಜಾಸ್ತಿ, ಬಂದ್ಮೇಲೆ ವಾಪಸ್ಸು ಹೋಗೋದೂ ಇಲ್ಲ. ಶ್ವಾಸಕೋಶದಲ್ಲೆಲ್ಲ ನೀರು ತುಂಬ್ಕೊಳ್ಳುತ್ತೆ. ಬೆಂಕಿ ಆರಿಸೋಕೆ ಬಂದೋರು ಮನೆನೇ ಮುಳುಗಿಸಿಬಿಟ್ಟಂಗೆ. ಅವಕ್ಕೆ ‘ಸಾಕು, ಹೊರಡಿ’ ಅಂತ ಹೇಳೋ ಗುಣ ಕೆಲವು ಗಿಡಗಳ ಅಂಶಕ್ಕೆ ಇರಬಹುದು. ಇದೆಯಾ ಅಂತ ಹುಡುಕ್ತಾ ಇದೀವಿ, ಅಷ್ಟೇ.

ಗೋಪಾಲಪ್ಪ: ಸರಿ ಹಂಗಾದ್ರೆ. ಅಂಶ ಸೊಪ್ಪಲ್ಲಿದೆ, ಸೊಪ್ಪು ಕಷಾಯದಲ್ಲಿದೆ, ಕಷಾಯ ನನ್ನ ಹೊಟ್ಟೇಲಿದೆ. ಇನ್ನೇನು ಬಾಕಿ?

ಪದ್ಮಶ್ರೀ: ಒಂದು ಮಂಕರಿ ಸೊಪ್ಪು ಒಣಗಿಸಿ, ಅರೆದು, ಸೋಸಿ, ಬೇರೆ ಮಾಡಿದ್ರೆ ಒಂದು ಚಿಟಿಕೆ ಅಂಶ ಸಿಗುತ್ತೆ. ಅದನ್ನ ಇಲಿ ತೂಕ ನೋಡ್ಕೊಂಡು ಕೊಡ್ತೀವಿ. ನಿಮ್ಮ ತೂಕಕ್ಕೆ ಅಷ್ಟು ಬೇಕು ಅಂದ್ರೆ ನೀವು ಹಿತ್ತಲ ಬೇಲಿ ಪೂರ್ತಿ ಮೇಯ್ಬೇಕಾಗುತ್ತೆ. ಮೇಯ್ದ್ಮೇಲೆ ಇನ್ನೇನು ಕೆಡುತ್ತೋ ನಮಗೂ ಗೊತ್ತಿಲ್ಲ. ಮನುಷ್ಯರ ಮೇಲೆ ನೋಡೋದಕ್ಕೆ ಇನ್ನೂ ಎಷ್ಟು ವರ್ಷ ಇದೆಯೋ.

ಲಕ್ಷ್ಮೀದೇವಮ್ಮ: ಮೇಕೆನೇ ಮೂಸಿ ನೋಡಿ ಮುಂದಕ್ಕೆ ಹೋಗೋ ಸೊಪ್ಪು ಅದು. ಅಷ್ಟು ಕಹಿ.

ಗೋಪಾಲಪ್ಪ: ಮೇಕೆಗೇನು ಗೊತ್ತು? ನನಗೆ ಕಹಿನೇ ಅನ್ಸಲ್ಲ. ಮೊದಲನೇ ದಿನದಿಂದ ಹಿತವಾಗೇ ಇದೆ. ಇನ್ನೊಂಚೂರು ಉಪ್ಪು ಬಿದ್ದಿದ್ರೆ ಎರಡು ಲೋಟ ಕುಡೀಬಹುದು.

ಪದ್ಮಶ್ರೀ: ಆಡುಸೋಗೆ ಕಹಿ ಅನ್ಸಲ್ವಾ ಮಾವ?

ಅವಳು ಅತ್ತೆಯ ಕಡೆ ತಿರುಗಿದಳು. ಅತ್ತೆ ಕಂಡಿಕೆಗೆ ದಾರ ಸುತ್ತುವ ಚಕ್ರದ ಮುಂದೆ ಕೂತು, ಪ್ರಪಂಚದಲ್ಲಿ ಅದಕ್ಕಿಂತ ಜರೂರಾದ ಕೆಲಸ ಇನ್ನೊಂದಿಲ್ಲವೆಂಬಂತೆ ಸುತ್ತುತ್ತಿದ್ದಳು.

ಗೋಪಾಲಪ್ಪ: ನನ್ನ ನಾಲಿಗೆ ವಿಷಯ ಬಿಡು. ಇಲಿ ವಿಷಯ ಹೇಳು. ವಾಸಿಯಾದ್ಮೇಲೆ ಅವನ್ನ ಏನ್ಮಾಡ್ತೀರಿ? ಹೊಲದ ಕಡೆ ಬಿಟ್ಬಿಡ್ತೀರಾ?

ಪದ್ಮಶ್ರೀ ಚೀಲದಿಂದ ನೀರಿನ ಬಾಟಲಿ ತೆಗೆದು ಕುಡಿದಳು, ಮತ್ತೆ ಮುಚ್ಚಳ ಹಾಕಿದಳು.

ಗೋಪಾಲಪ್ಪ: ಯಾಕಮ್ಮ? ಏನ್ಮಾಡ್ತೀರಿ?

ಪದ್ಮಶ್ರೀ: ಅದು... ನೋವಾಗದಂಗೆ ಮಲಗಿಸಿಬಿಟ್ಟು, ಆಮೇಲೆ ಕೊಯ್ದು ನೋಡ್ತೀವಿ ಮಾವ.

ಗೋಪಾಲಪ್ಪ: ವಾಸಿಯಾಗ್ದೇ ಇರೋದನ್ನ ತಾನೆ?

ಪದ್ಮಶ್ರೀ: ವಾಸಿಯಾಗಿರೋದನ್ನೂ.

ಗೋಪಾಲಪ್ಪ: ಅಲ್ಲ ಕಣಮ್ಮ, ಅದು ನಿಮ್ಮ ಮಾತು ಕೇಳಿ, ಔಷಧಿ ತಗೊಂಡು, ಪಥ್ಯ ಮಾಡಿ, ವಾಸಿ ಮಾಡ್ಕೊಂಡಿದೆ. ಅದನ್ನ ಯಾಕೆ ಕೊಯ್ತೀರಿ?

ಪದ್ಮಶ್ರೀ: ಒಳಗೆ ನಿಜವಾಗ್ಲೂ ವಾಸಿಯಾಗಿದೆಯಾ ಅಂತ ನೋಡೋದೇ ಹಂಗೆ.

ಲಕ್ಷ್ಮೀದೇವಮ್ಮ ಇದಕ್ಕೇ ಕಾಯುತ್ತಿದ್ದವಳಂತೆ ಚಕ್ರ ಬಿಟ್ಟು ಎದ್ದಳು. ಕೈಯಲ್ಲಿ ದಾರ ಕತ್ತರಿಸುವ ಕತ್ತರಿ ಇತ್ತು.

ಲಕ್ಷ್ಮೀದೇವಮ್ಮ: ಕೇಳಿದ್ರಲ್ಲ. ಒಳಗೆ ವಾಸಿಯಾಗಿದೆಯೋ ಇಲ್ವೋ ಗೊತ್ತಾಗ್ಬೇಕಂದ್ರೆ ಇಲಿಗೆ ಅದೊಂದೇ ದಾರಿ. ಮನುಷ್ಯರಿಗೆ ಎಕ್ಸ್‌ರೇ ಇದೆ. ನಿಮಗೆ ಯಾವುದಾಗುತ್ತೆ ಹೇಳಿ. ಕತ್ತರಿ ಇಲ್ಲೇ ಇದೆ.

ಗೋಪಾಲಪ್ಪ ಒಂದು ಹೆಜ್ಜೆ ಹಿಂದಕ್ಕೆ ಸರಿದು ಮಗ್ಗದ ಮರೆಗೆ ನಿಂತ.

ಗೋಪಾಲಪ್ಪ: ಎರಡೂ ಬೇಡ. ನನ್ನ ಉಸಿರು ಸಲೀಸಾಗಿದೆ. ಬೇಕಿದ್ರೆ ಹತ್ರ ಬಂದು ಕಿವಿ ಇಟ್ಟು ಕೇಳಮ್ಮ ಪದ್ಮ.

ಪದ್ಮಶ್ರೀ: ಈ ಸದ್ದಲ್ಲಿ ಏನು ಕೇಳ್ಸುತ್ತೆ ಮಾವ?

ಗೋಪಾಲಪ್ಪ: ಏನೂ ಕೇಳಿಸ್ತಿಲ್ಲ ಅಲ್ವಾ? ಅದನ್ನೇ ನಾನು ಹೇಳ್ತಾ ಇರೋದು. ಏನೂ ಇಲ್ಲ.

ಏನೂ ಕೇಳಿಸದಿರುವುದರ ಗುಟ್ಟು ಲಕ್ಷ್ಮೀದೇವಮ್ಮನಿಗೆ ಗೊತ್ತಿತ್ತು. ಕಾಯಿಲೆ ಬಿದ್ದಾಗಿನಿಂದ ಅವನು ಹಾಸಿಗೆ ಬಿಟ್ಟ ಕೂಡಲೇ ಮಗ್ಗ ಹಾಕುತ್ತಿದ್ದ. ಊಟಕ್ಕೆ ಕೂತಾಗಲೂ ಎರಡು ಮಗ್ಗ ಆಡುತ್ತಲೇ ಇರಬೇಕು. ‘ಮದುವೆ ಸೀಸನ್ನು, ಸೀರೆ ಕೇಳ್ತಾ ಇದಾರೆ’ ಅನ್ನುವುದು ಅವನ ನೆಪ. ಮೊದಮೊದಲು ಅವಳೂ ನಂಬಿದ್ದಳು. ಆಮೇಲೆ ಒಂದು ದಿನ ನೂಲು ಮುಗಿದು ಹೋದ ಮಗ್ಗವೂ ಬರಿದೇ ಆಡುತ್ತಿದ್ದದ್ದು ಕಣ್ಣಿಗೆ ಬಿತ್ತು. ಸೀರೆಗಲ್ಲ, ಸದ್ದಿಗೆ ಮಗ್ಗ ಹಾಕಿದ್ದಾನೆ ಎಂದು ಅವಳಿಗೆ ಅವತ್ತೇ ಹೊಳೆದಿತ್ತು.

ಲಕ್ಷ್ಮೀದೇವಮ್ಮ: ಆಯ್ತು, ಕಾಫಿಗಿಡ್ತೀನಿ.

ಇಷ್ಟು ಸುಲಭವಾಗಿ ಸೋತಳಲ್ಲ ಎಂದು ಗೋಪಾಲಪ್ಪ ಮೀಸೆಯಲ್ಲೇ ನಕ್ಕ. ಅವಳು ಒಳಗೆ ಹೋದ ಸ್ವಲ್ಪ ಹೊತ್ತಿಗೆಲ್ಲ ನಾಲ್ಕೂ ಮಗ್ಗಗಳು ಒಟ್ಟಿಗೇ ನಿಂತವು. ಫ್ಯಾನು ಎರಡು ಸುತ್ತು ಸುತ್ತಿ ಸುಮ್ಮನಾಯಿತು. ಅಷ್ಟು ಸದ್ದು ಇದ್ದ ಜಾಗದಲ್ಲಿ ಸದ್ದು ಹೋದರೆ ಕಿವಿಗೆ ಒಂದು ಥರ ಭಯವಾಗುತ್ತದೆ.

ಗೋಪಾಲಪ್ಪ: ಥತ್, ಕರೆಂಟ್ ಹೋಯ್ತು.

ಮೌನದೊಳಗಿಂದ ಒಂದು ಸಣ್ಣ ಸದ್ದು ಎದ್ದಿತು. ಗುಯ್... ಗುಯ್... ತೂತು ಬಿದ್ದ ತಿದಿ ಒತ್ತಿದ ಹಾಗೆ.

ಪದ್ಮಶ್ರೀ: ಏನು ಮಾವ ಅದು ಸದ್ದು?

ಗೋಪಾಲಪ್ಪ: ಮಗ್ಗದ ಬೆಲ್ಟು. ಇನ್ನೂ ತಿರುಗ್ತಾ ಇರ್ಬೇಕು.

ಪದ್ಮಶ್ರೀ: ನಿಂತೋಗಿದೆ ಮಾವ.

ಗೋಪಾಲಪ್ಪ: ಹಂಗಾದ್ರೆ ಬೆಕ್ಕು. ನೂಲಿನ ಮೂಟೆ ಹಿಂದೆ ಸೇರ್ಕೊಂಡಿರುತ್ತೆ.

ಅಂದವನೇ ಬಾಯಿ ಬಿಗಿ ಹಿಡಿದು ಉಸಿರು ಕಟ್ಟಿದ. ಸದ್ದು ನಿಂತಿತು. ಬೆಕ್ಕು ಹೋಯಿತು ನೋಡು ಎಂಬಂತೆ ಕೈಸನ್ನೆ ಮಾಡಿದ. ಪದ್ಮಶ್ರೀ ಅವನ ಮುಖ ನೋಡುತ್ತ ನಿಂತಳು. ಅವನ ಕೆನ್ನೆ ಕೆಂಪಾಯಿತು, ಕಣ್ಣು ತೇಲಿತು, ಕೊನೆಗೆ ತಡೆಯಲಾರದೆ ಬಾಯಿ ಬಿಟ್ಟ. ಬೆಕ್ಕು ಮರಿಗಳ ಸಮೇತ ವಾಪಸ್ಸು ಬಂತು. ಮಗ್ಗದ ಚೌಕಟ್ಟು ಹಿಡಿದು ಬಗ್ಗಿ ಅವನು ಕೆಮ್ಮಿದ ಕೆಮ್ಮಿಗೆ ಪದ್ಮಶ್ರೀಯ ನಗು ಎಲ್ಲೋ ಹೋಯಿತು. ಓಡಿಬಂದು ಬೆನ್ನು ಸವರಿದಳು.

ಕೆಮ್ಮು ನಿಂತ ಮೇಲೆ ಇನ್ನೊಂದು ಸದ್ದು ಕೇಳಿಸಿತು. ಪಕ್ಕದ ಮನೆಯ ಮಗ್ಗಗಳು ಧಡಧಡನೆ ಆಡುತ್ತಲೇ ಇದ್ದವು.

ಗೋಪಾಲಪ್ಪ: ಪಕ್ಕದ ಮನೇಲಿ ಕರೆಂಟ್ ಇದೆಯಲ್ಲ.

ಲಕ್ಷ್ಮೀದೇವಮ್ಮ ನಡುಬಾಗಿಲಲ್ಲಿ ಬಂದು ನಿಂತಿದ್ದಳು. ಕೈಯಲ್ಲಿ ಕಾಫಿ ಇರಲಿಲ್ಲ, ಅದೇ ಕತ್ತರಿ ಇತ್ತು.

ಲಕ್ಷ್ಮೀದೇವಮ್ಮ: ಇದೆ.

ಗೋಪಾಲಪ್ಪ: ನಮ್ಮನೇಲಿ?

ಲಕ್ಷ್ಮೀದೇವಮ್ಮ: ನಮ್ಮನೇಲೂ ಇದೆ. ನಾನೇ ಮೇನ್ ಸ್ವಿಚ್ಚು ಇಳಿಸಿದೀನಿ.

ಅವಳು ಇದನ್ನು ಮೆಲ್ಲಗೆ ಹೇಳಿದಳು. ಆ ಮನೆಯಲ್ಲಿ ಹಗಲು ಹೊತ್ತು ಯಾರೂ ಅಷ್ಟು ಮೆಲ್ಲಗೆ ಮಾತಾಡಿದ್ದು ನೆನಪಿಲ್ಲ. ಜಗಳ ಮುಂದುವರಿಸಲು ತಕ್ಕ ದನಿ ಸಿಗದೆ ಗೋಪಾಲಪ್ಪ ಒಂದು ಸ್ಟೂಲು ಎಳೆದುಕೊಂಡು ಕೂತ.

ಲಕ್ಷ್ಮೀದೇವಮ್ಮ: ಇದನ್ನ ನನ್ನಿಂದ ಮುಚ್ಚಿಡೋಕೆ ಬರೀ ಮಗ್ಗ ಆಡಿಸ್ತಿದ್ರಲ್ಲ. ಯಾಕ್ರೀ?

ಗೋಪಾಲಪ್ಪ: ದೇವರಾಜಣ್ಣನೂ ಹಿಂಗೇ ಗುಯ್ ಅನ್ಕೊಂಡೇ ಆಂಬುಲೆನ್ಸ್ ಹತ್ತಿದ್ದು. ಕೊರೊನಾ ವರ್ಷ. ‘ಆ ಹೊಸ ಡಿಸೈನು ಮುಟ್ಬೇಡ ಕಣೋ, ಬಂದು ನಾನೇ ಹಾಕ್ತೀನಿ’ ಅಂದ. ಕೊನೇಗೆ ಅಣ್ಣನ ಮುಖಾನೂ ತೋರಿಸ್ಲಿಲ್ಲ ನನಗೆ. ಒಳಗೆ ಹೋದೋನು ಹೋದ.

ಲಕ್ಷ್ಮೀದೇವಮ್ಮ: ಭಾವ ಹೋಗಿದ್ದು ತೀರಾ ತಡವಾಗಿ ಕಣ್ರೀ. ಏನಿಲ್ಲ ಏನಿಲ್ಲ ಅಂತ ನಿಮ್ಮಂಗೇ ಕೂತಿದ್ರು. ನೀವು ಬೇಗ ಹೋಗಿ ಅಂತ ತಾನೆ ನಾನು ಬಡ್ಕೋತಾ ಇರೋದು. ನನಗೆ ಭಯ ಆಗಲ್ವಾ?

ಪದ್ಮಶ್ರೀ: ಮಾವ, ಆವಾಗ ಇದ್ದಂಗೆ ಇವಾಗಿಲ್ಲ. ಅತ್ತೆ ಜೊತೇಲೇ ಇರ್ತಾರೆ, ನಾನೂ ಇರ್ತೀನಿ. ಒಂದು ಫೋಟೋ ತೆಗೀತಾರೆ ಅಷ್ಟೇ.

ಇನ್ನೇನು ಹೂಂ ಅಂದೇಬಿಡುತ್ತಾನೆ ಅನ್ನಿಸಿತು ಲಕ್ಷ್ಮೀದೇವಮ್ಮನಿಗೆ. ಆದರೆ ಅವಳ ಗಂಡ ಅಷ್ಟು ಸುಲಭದ ಪೈಕಿಯಲ್ಲ.

ಗೋಪಾಲಪ್ಪ: ಬರ್ತೀನಿ, ಬರಲ್ಲ ಅಂದಿಲ್ಲ. ಆದ್ರೆ ಇನ್ನೊಂದು ವಾರ ಕಷಾಯ ನೋಡೋಣ. ಅದು ಕುಡ್ದಿದ್ದಕ್ಕೇ ಇಷ್ಟಾದ್ರೂ ಓಡಾಡ್ಕೊಂಡಿದೀನಿ. ಅದರಲ್ಲಿ ಏನೋ ಇದೆ ಕಣೇ. ಸುಳ್ಳು ಹೇಳ್ಬಾರ್ದು, ನಿನ್ನ ಕೈಗುಣ ದೊಡ್ಡದು.

ಮದುವೆಯಾದಾಗಿನಿಂದ ಯಾವ ಮಾತಿಗೆ ಕಾದಿದ್ದಳೋ ಆ ಮಾತು ಬರಬಾರದ ಹೊತ್ತಿನಲ್ಲಿ ಬಂದಿತ್ತು. ಅವಳಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಅಷ್ಟರಲ್ಲಿ ಹೊರಗೆ ಆಟೋ ನಿಂತ ಸದ್ದಾಗಿ, ಎದುರು ಮನೆಯ ಹೈದರ್ ಖಾಲಿ ಬಾಟಲಿಯೊಂದನ್ನು ಹಿಡಿದು ಒಳಗೆ ಬಂದ. ಆಸ್ಪತ್ರೆಗೆಂದು ಅವನ ಆಟೋಗೆ ನಿನ್ನೆಯೇ ಹೇಳಿಟ್ಟಿದ್ದಳು ಲಕ್ಷ್ಮೀದೇವಮ್ಮ.

ಹೈದರ್: ಅಕ್ಕಾ, ಗಾಡಿ ರೆಡಿ. ಇದೇನು ಅಣ್ಣ ಇನ್ನೂ ಲುಂಗೀಲೇ ಇದಾರೆ? ತಗೊಳ್ಳಿ, ನಿಮ್ಮ ಬಾಟಲಿ. ನಮ್ಮನೆಯೋಳು ತಾಹಿರಾ ತೊಳೆದು ಕಳ್ಸಿದಾಳೆ.

ಗೋಪಾಲಪ್ಪ: ಸರಿಯಾದ ಹೊತ್ತಿಗೆ ಬಂದೆ ಗುರು. ಸಾಕ್ಷಿ ಹೇಳು ಬಾ. ತಾಹಿರಾಗೆ ಕೆಮ್ಮು ಅಂದೆ, ನನ್ನ ಪಾಲಿನ ಕಷಾಯ ನಿನ್ನೆ ನಿನಗೆ ಕೊಟ್ಟೆ. ಹೌದೋ ಅಲ್ವೋ?

ಹೈದರ್: ಹೌದಣ್ಣ.

ಲಕ್ಷ್ಮೀದೇವಮ್ಮ: ಅಯ್ಯೋ, ಅದನ್ನ ಕೊಟ್ರಾ?

ಗೋಪಾಲಪ್ಪ: ನೀನು ಸುಮ್ನಿರೇ. ಹೆಂಗಿತ್ತು ಹೇಳಪ್ಪ ಹೈದರ್?

ಹೈದರ್: ಸಖತ್ತಾಗಿತ್ತಣ್ಣ.

ಗೋಪಾಲಪ್ಪ: ಕೇಳ್ಕೊಳ್ಳಿ ಎಲ್ಲಾರೂ.

ಹೈದರ್: ತಾಹಿರಾ ಮುಚ್ಚಳ ತೆಗೆದು ಮೂಸಿ ನೋಡಿದ್ಲು. ಇದಕ್ಕೊಂದು ಒಗ್ಗರಣೆ ಬಿದ್ರೆ ಇನ್ನೂ ಚೆನ್ನಾಗಿರುತ್ತೆ ಅಂದ್ಲು. ಈರುಳ್ಳಿ, ಬೆಳ್ಳುಳ್ಳಿ, ಒಂಚೂರು ಹುಣಿಸೆಹುಳಿ ಹಾಕಿ ಕುದಿಸಿದ್ಲು. ಅನ್ನಕ್ಕೆ ಕಲಸ್ಕೊಂಡು ಮನೆಯೋರೆಲ್ಲ ಊಟ ಮಾಡಿದ್ವಿ. ನಮ್ಮ ಹುಡುಗ ಉಮೈರ್ ಅಂತೂ ಮತ್ತೆ ಮತ್ತೆ ಹಾಕಿಸ್ಕೊಂಡ. ಇವತ್ತೂ ಕಷಾಯ ಇದ್ರೆ ಒಂಚೂರು ಜಾಸ್ತಿ ಇಸ್ಕೊಂಡು ಬನ್ನಿ, ಬೇಳೆನೂ ಉಳಿದಿದ್ರೆ ಅದನ್ನೂ ಹಾಕ್ಸಿ ಅಂತ ಹೇಳಿದಾಳೆ.

ಗೋಪಾಲಪ್ಪ ನಿಧಾನವಾಗಿ ಹೆಂಡತಿಯ ಕಡೆ ತಿರುಗಿದ.

ಗೋಪಾಲಪ್ಪ: ಕಷಾಯಕ್ಕೆ ಬೇಳೆ ಯಾಕೇ?

ಲಕ್ಷ್ಮೀದೇವಮ್ಮ: ಅದು ನುಗ್ಗೆಸೊಪ್ಪು, ಬೇಳೆ ಬೇಯಿಸಿ ಬಸಿದ ಕಟ್ಟು ಕಣ್ರೀ. ಮೆಣಸು ಜಾಸ್ತಿ ಹಾಕಿದ್ದೆ.

ಗೋಪಾಲಪ್ಪ: ದಿನಾನೂ?

ಲಕ್ಷ್ಮೀದೇವಮ್ಮ: ದಿನಾನೂ.

ಗೋಪಾಲಪ್ಪ: ಹಂಗಾದ್ರೆ ಆ ಬಸ್ಸಾರು ನೀರು ನೀರು...

ಲಕ್ಷ್ಮೀದೇವಮ್ಮ: ಕಟ್ಟೆಲ್ಲ ನಿಮ್ಮ ಲೋಟಕ್ಕೆ ಹೋದ್ರೆ ಬಸ್ಸಾರಿಗೆ ಏನು ಉಳಿಯುತ್ತೆ? ನನ್ನ ಕೈ ಏನೂ ತಪ್ಪಿಲ್ಲ.

ಪದ್ಮಶ್ರೀ: ಯಾಕತ್ತೆ ಹಿಂಗೆ ಮಾಡಿದ್ರಿ?

ಲಕ್ಷ್ಮೀದೇವಮ್ಮ: ನೀನೇ ಹೇಳಿದೆಯಲ್ಲಮ್ಮ ಫೋನಲ್ಲಿ, ಮಾತ್ರೆ ಬಿಟ್ಟು ಬರೀ ಕಷಾಯ ನಂಬ್ಕೋಬೇಡಿ, ಕೊಡೋದಾದ್ರೂ ಡಾಕ್ಟ್ರನ್ನ ಕೇಳಿ ಕೊಡಿ ಅಂತ. ಕೊಡಲ್ಲ ಅಂದಿದ್ರೆ ಇವರು ಬೇಲೀಲಿ ಕೈಗೆ ಸಿಕ್ಕಿದ್ದೆಲ್ಲ ಕಿತ್ಕೊಂಡು ಬಂದು ಕುದಿಸ್ಕೊಂಡು ಕುಡೀತಿದ್ರು. ಕಟ್ಟು ಕುಡಿದ್ರೆ ಯಾರಿಗೂ ಏನೂ ಆಗಲ್ಲ ಅಂತ ಕೊಟ್ಟೆ.

ಪದ್ಮಶ್ರೀ ಈಗ ತಡೆಯಲಾರದೆ ನಕ್ಕಳು. ಹೈದರ್‌ಗೆ ಅರ್ಥವಾಗದಿದ್ದರೂ ಅವಳ ಜೊತೆ ಅವನೂ ನಕ್ಕ.

ಪದ್ಮಶ್ರೀ: ಮಾವ, ನಮ್ಮ ಲ್ಯಾಬಲ್ಲೂ ಇದೇ ಪದ್ಧತಿ. ಒಂದು ಗುಂಪಿನ ಇಲಿಗೆ ಔಷಧಿ ಕೊಡ್ತೀವಿ, ಇನ್ನೊಂದು ಗುಂಪಿಗೆ ಔಷಧಿ ಥರಾನೇ ಬರೀ ನೀರು ಕೊಡ್ತೀವಿ. ಔಷಧಿಯಿಂದಾನೇ ವಾಸಿಯಾಯ್ತಾ ಅಂತ ಹೋಲಿಸಿ ನೋಡ್ಬೇಕಲ್ಲ.

ಗೋಪಾಲಪ್ಪ: ನಾನು ಯಾವ ಗುಂಪು?

ಪದ್ಮಶ್ರೀ: ನೀರಿನ ಗುಂಪು.

ಹೈದರ್: ನೀರಂತ ಹೇಳ್ಬೇಡಮ್ಮ, ಅಕ್ಕನಿಗೆ ಬೇಜಾರಾಗುತ್ತೆ. ಒಳ್ಳೆ ಗಟ್ಟಿ ಕಟ್ಟು ಅದು.

ಗೋಪಾಲಪ್ಪ: ನೀನಿರಪ್ಪ ಹೈದರ್. ಪದ್ಮ, ಆ ನೀರು ಕುಡಿದ ಇಲಿಗಳ ಕತೆ ಏನಾಗುತ್ತೆ?

ಪದ್ಮಶ್ರೀ: ಅವಕ್ಕೆ ಊತ ಹಂಗೇ ಇರುತ್ತೆ ಮಾವ. ಕೆಲವಕ್ಕೆ ಜಾಸ್ತಿನೂ ಆಗುತ್ತೆ.

ಗೋಪಾಲಪ್ಪ: ಆಮೇಲೆ ಅವನ್ನೂ...

ಪದ್ಮಶ್ರೀ: ಹೂಂ. ಅವನ್ನೂ.

ಗೋಪಾಲಪ್ಪ ಸ್ಟೂಲಿನಿಂದ ಎದ್ದ. ಒಂದು ಸಲ ಹೆಂಡತಿಯ ಕೈಯಲ್ಲಿದ್ದ ಕತ್ತರಿ ನೋಡಿದ, ಒಂದು ಸಲ ಗಡಿಯಾರ ನೋಡಿದ.

ಗೋಪಾಲಪ್ಪ: ನನ್ನ ಪ್ಯಾಂಟು ಎಲ್ಲಿಟ್ಟಿದೀಯೇ?

ಲಕ್ಷ್ಮೀದೇವಮ್ಮ ಕತ್ತರಿಯನ್ನು ಚಕ್ರದ ಪಕ್ಕ ಇಟ್ಟಳು. ಇಷ್ಟು ದಿನ ಎದೆಯ ಮೇಲೆ ಕೂತಿದ್ದ ಭಾರದಲ್ಲಿ ಅರ್ಧದಷ್ಟಾದರೂ ಇಳಿದಂತೆ ಅವಳಿಗೆ ಅನ್ನಿಸಿತು. ಇನ್ನರ್ಧ ಡಾಕ್ಟರು ಫೋಟೋ ನೋಡಿ ಹೇಳಿದ ಮೇಲೆ ಇಳಿಯಬೇಕು. ಒಳಗೆ ಓಡಿ ಪ್ಯಾಂಟು, ಶರ್ಟು, ಅವನು ನುಂಗದೆ ಉಳಿಸಿದ್ದ ಮಾತ್ರೆಗಳು, ಹಳೆಯ ಚೀಟಿ, ಒಂದು ಟವೆಲ್ಲು, ಎಲ್ಲವನ್ನೂ ಬುಟ್ಟಿಗೆ ತುಂಬಿದಳು. ಬರುವಾಗ ಕಣ್ಣು ಒರೆಸಿಕೊಂಡಿದ್ದು ಪದ್ಮಶ್ರೀಗೆ ಮಾತ್ರ ಕಂಡಿತು.

ಆಟೋ ಹತ್ತುವ ಮುಂಚೆ ಗೋಪಾಲಪ್ಪ ನಿಂತ. ಸೋತು ಸುಮ್ಮನೆ ಹೋದರೆ ಅವನು ಗೋಪಾಲಪ್ಪನೇ ಅಲ್ಲ. ಓಣಿಯಲ್ಲಿ ನಾಲ್ಕು ಜನ ನೋಡುತ್ತಿದ್ದಾರೆ ಎಂದು ಖಾತ್ರಿ ಮಾಡಿಕೊಂಡು, ಬಾಯಿ ತೆರೆದ.

ಗೋಪಾಲಪ್ಪ: ಹೈದರ್, ನೀನೇ ಹೇಳಪ್ಪ. ಕಟ್ಕೊಂಡ ಗಂಡನಿಗೇ ಕಷಾಯ ಅಂತ ಕಟ್ಟು ಕುಡಿಸಿದ್ಲಲ್ಲ, ಇನ್ನು ಇವಳನ್ನ ನಂಬೋದು ಹೆಂಗೆ? ಮದುವೆ ಆದಾಗಿಂದ ಲೋಟದ ಮೇಲೆ ಲೋಟ ಕೊಟ್ಟಿದಾಳೆ. ಅದೂ ಕಟ್ಟೇ ಇರ್ಬೇಕು. ಇವಳ ಆಡುಸೋಗೆ ಕಷಾಯ ಅನ್ನೋದೇ ಸುಳ್ಳು.

ಲಕ್ಷ್ಮೀದೇವಮ್ಮ: ಅದು ಅಪ್ಪಟ ಆಡುಸೋಗೆ.

ಗೋಪಾಲಪ್ಪ: ಏನು ಗ್ಯಾರಂಟಿ?

ಪದ್ಮಶ್ರೀ: ಅಲ್ಲ ಮಾವ, ಇಷ್ಟು ವರ್ಷ ಕುಡಿದಿರೋರು ನೀವು. ಕಟ್ಟು ಯಾವುದು, ಕಷಾಯ ಯಾವುದು, ನಾಲಿಗೆಗೆ ಗೊತ್ತಾಗ್ಲಿಲ್ವಾ?

ಗೋಪಾಲಪ್ಪ ಇದ್ದಕ್ಕಿದ್ದಂತೆ ಬಹಳ ಅವಸರದ ಮನುಷ್ಯನಾಗಿ ಆಟೋದೊಳಗೆ ತೂರಿಕೊಂಡ.

ಗೋಪಾಲಪ್ಪ: ಗಾಡಿ ತೆಗಿ ಹೈದರ್, ಎಕ್ಸ್‌ರೇಯೋರು ಬಾಗಿಲು ಹಾಕ್ಬಿಡ್ತಾರೆ.

ಲಕ್ಷ್ಮೀದೇವಮ್ಮ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಅವನ ಪಕ್ಕದಲ್ಲಿ ಕೂತಳು. ಅವನ ಬೆನ್ನಿಗೆ ಟವೆಲ್ಲು ಮಡಿಸಿ ಒತ್ತು ಕೊಟ್ಟಳು. ಆಮೇಲೆ ಮಗ್ಗದ ಮನೆಯವರ ಅದೇ ಹಳೆಯ ದನಿಯಲ್ಲಿ, ಓಣಿಗೆಲ್ಲ ಕೇಳುವಂತೆ ಹೇಳಿದಳು.

ಲಕ್ಷ್ಮೀದೇವಮ್ಮ: ಗ್ಯಾರಂಟಿ ಬೇಕಾ? ನಮ್ಮ ಹಿತ್ತಲ ಕನಕಾಂಬರದ ಪಾತಿ ನೋಡಿ. ಮದುವೆ ಆದಾಗಿಂದ ನಿಮ್ಮ ಪಾಲಿನ ಕಷಾಯನೆಲ್ಲ ಕುಡಿದಿರೋದು ಅದೇ. ಇವತ್ತಿನವರೆಗೂ ಒಂದು ಸಲ ಕೆಮ್ಮಿಲ್ಲ.